ಮಳೆಗಾಲದ ಹರ್ನಿಯಾ

ಆರೋಗ್ಯ ವಿಮೆಯ ಕಚೇರಿಯಲ್ಲಿ ಕೆಲಸ ಎಂದು ಬಾಯಿ ಬಿಟ್ಟರೆ ಸಾಕು, ಮದುವೆ ಮನೆಯಲ್ಲಿ ನನ್ನ ಪಕ್ಕ ಕೂತವರು ಮೆಲ್ಲಗೆ ಎದ್ದು ಬೇರೆ ಪಂಕ್ತಿಗೆ ಹೋಗುತ್ತಿದ್ದರು. ಇನ್ನು ಇವಳು ಪಾಲಿಸಿ ಮಾಡಿಸಿ ಎಂದು ಗಂಟು ಬೀಳುತ್ತಾಳೆ ಎಂಬ ಭಯ. ಬಾರ್ಕೂರಿನ ನಮ್ಮ ನೆಂಟರಲ್ಲಿ ಕೆಲವರಿಗೆ ನಾನು ನಿವೃತ್ತಳಾದ ಮೇಲೂ ಆ ಭಯ ಬಿಟ್ಟಿಲ್ಲ. ಆಣೆ ಮಾಡಿ ಹೇಳುತ್ತೇನೆ, ನಾನು ಜನ್ಮದಲ್ಲಿ ಒಂದು ಪಾಲಿಸಿ ಮಾರಿದವಳಲ್ಲ.

ಮಾಡಿದ್ದು ಬೇರೆಯೇ ಕೆಲಸ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಯಾರಿಗೆ ಎಲ್ಲಿ ಚಿಕಿತ್ಸೆಯಾದರೂ ಆ ಆಸ್ಪತ್ರೆ ಅದರ ವಿವರ ಬರೆದು ಹಣ ಕೇಳುತ್ತದೆ. ಅದಕ್ಕೆ ಕ್ಲೇಮು ಎನ್ನುತ್ತಾರೆ. ಇಡೀ ರಾಜ್ಯದ ಕ್ಲೇಮುಗಳು ಬೆಂಗಳೂರಿನ ಒಂದು ದೊಡ್ಡ ಕಂಪ್ಯೂಟರಿನ ಕಣಜಕ್ಕೆ ಹೋಗಿ ಬೀಳುತ್ತವೆ. ಅದರಿಂದ ವರ್ಷಕ್ಕೊಮ್ಮೆ ವರದಿ ತೆಗೆಯುತ್ತಾರೆ. ಯಾವ ಆಸ್ಪತ್ರೆಯಲ್ಲಿ ಯಾವ ಆಪರೇಷನ್ನಿಗೆ ಎಷ್ಟು ಖರ್ಚಾಯಿತು, ರೋಗಿ ಎಷ್ಟು ದಿನ ಮಲಗಿದ್ದ, ಮನೆಗೆ ಹೋದವನು ಅದೇ ತೊಂದರೆಗೆ ಮತ್ತೆ ಬಂದನೇ, ಒಟ್ಟಿನಲ್ಲಿ ಆಸ್ಪತ್ರೆ ಒಳ್ಳೆಯದೋ ಹೇಗೆ, ಇದೆಲ್ಲ ಆ ವರದಿಯಲ್ಲಿರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಿಂದ ಹೋಗುವ ವಿವರ ಸರಿಯಿದೆಯೇ ಎಂದು ನೋಡುವುದು, ಬೆಂಗಳೂರಿನವರಿಗೆ ಅನುಮಾನ ಬಂದರೆ ಉತ್ತರ ಹೇಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಈಗ ನನ್ನ ಕುರ್ಚಿಯಲ್ಲಿ ಸುಪ್ರಿಯಾ ಎಂಬ ಚುರುಕಿನ ಹುಡುಗಿ ಕೂತಿದ್ದಾಳೆ. ಮೊನ್ನೆ ಕೋಟದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, "ಅಕ್ಕಾ, ಟ್ರೈನಿಂಗಂಗೆ ಬರೀ ಬಟನ್ ಒತ್ತೂದ್ ಕಲ್ಸಿರ್. ಕೆಲ್ಸ ಎಂತದ್ ಅಂದ್ ನೀವೇ ಬರ್ದ್ ಕೊಡಿ" ಎಂದಳು. ನನಗೂ ಹಗಲು ಹೊತ್ತು ಹೋಗುವುದಿಲ್ಲ. ಬರೆಯಲು ಕೂತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಗೆ ಯಾರು ಹಾರ ಹಾಕಿದರು ಎಂಬುದು ನನಗೇ ಬೇಸರದ ವಿಷಯ, ಅದನ್ನು ಬಿಟ್ಟುಬಿಡುತ್ತೇನೆ.

ಮೊದಲು ನನ್ನ ಮೇಲಧಿಕಾರಿಯ ಪರಿಚಯವಾಗಬೇಕು. ಬೆಂಗಳೂರಿನಲ್ಲಿದ್ದ ಚಿದಾನಂದ ಸರ್ ತುಮಕೂರು ಕಡೆಯವರು. ಅವರ ಗಂಟಲು ಎಷ್ಟು ದೊಡ್ಡದೆಂದರೆ ಅವರ ಫೋನು ಬಂದಾಗ ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿಯುತ್ತಿದ್ದೆ, ಪಕ್ಕದ ಮೇಜಿನವರು ಅಷ್ಟನ್ನೂ ಕೇಳಿ ನಗುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಆದರೆ ತಾನು ಹೇಳಿದ್ದು ತಪ್ಪೆಂದು ಗೊತ್ತಾದರೆ ಅಷ್ಟೇ ದೊಡ್ಡ ಗಂಟಲಿನಲ್ಲಿ ಒಪ್ಪಿಕೊಳ್ಳುತ್ತಿದ್ದರು. ಅಂಥ ಸಾಹೇಬರು ಸಿಗುವುದು ಪುಣ್ಯ, ನಾನು ಬೇರೆ ನಮೂನೆಯವರ ಕೈಕೆಳಗೂ ಇದ್ದವಳು.

ನಾನು ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರ ಫೋನು ಬಂತು.

"ಏನ್ ಮೇಡಂ, ನಿಮ್ಮ ಕಡೆ ಮಂಗಳವಾರ ಆಸ್ಪತ್ರೆಗಳಿಗೆ ರಜಾನಾ? ಬ್ರಹ್ಮಾವರದ ಒಂದು ಆಸ್ಪತ್ರೇಲಿ ಬಾಣಂತಿಯರನ್ನ ಮಂಗಳವಾರ ಮನೆಗೆ ಕಳಿಸೋದೇ ಇಲ್ಲ. ಬೇಕಂತ ಒಂದು ದಿನ ಜಾಸ್ತಿ ಮಲಗಿಸ್ಕೋತಾರೆ ಅಂತ ವರದೀಲಿ ಬರೀತಾ ಇದೀನಿ."

"ಬರೀಬೇಡಿ ಸರ್. ಆಸ್ಪತ್ರೆಯವರು ಹೋಗಿ ಅಂತಲೇ ಹೇಳ್ತಾರೆ, ಅಜ್ಜಿಯರು ಬಿಡೋದಿಲ್ಲ. ಮಂಗಳವಾರ ಮಗುವನ್ನ ಎತ್ತಿಕೊಂಡು ಹೊಸ್ತಿಲು ದಾಟಬಾರದು ಅಂತ."

"ಮತ್ತೆ ಅಮಾವಾಸ್ಯೆ ದಿನಾನೂ ಹಂಗೇ ಇದೆ?"

"ಅದಕ್ಕೂ ಅಜ್ಜಿಯರೇ ಕಾರಣ ಸರ್."

 "ನಮ್ಮ ಅಜ್ಜೀನೂ ಹಂಗೇ ಮಾಡ್ತಿದ್ರು ಮೇಡಂ. ಆದ್ರೆ ವರದೀಲಿ ಅಜ್ಜಿ ಅಂತ ಬರೆಯೋಕಾಗುತ್ತಾ?" ಎಂದರು. ಕೊನೆಗೆ "ಸ್ಥಳೀಯ ಕಾರಣ" ಎಂದು ಬರೆದರು. ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಮೂರು ತಾಲೂಕಿನ ಅಷ್ಟೂ ಅಜ್ಜಿಯರಿಗೆ ಅದೇ ಹೆಸರು ನಿಂತಿತು.

ಇನ್ನೊಂದು ಸಲ ಹಾಲಾಡಿ ಕಡೆಯ ಹೆಂಗಸರು ಹೆರಿಗೆಗೆ ತಮ್ಮೂರಿನ ಹತ್ತಿರದ ಆಸ್ಪತ್ರೆ ಬಿಟ್ಟು ದೂರ ದೂರ ಹೋಗುತ್ತಿದ್ದಾರೆ, ಅಲ್ಲಿನ ಆಸ್ಪತ್ರೆಯ ಗುಣಮಟ್ಟ ಕೆಟ್ಟಿದೆ ಎಂದು ಕರಡು ವರದಿ ಬಂತು. ಯೋಜನೆಯ ಕಾರ್ಡಿನಲ್ಲಿದ್ದದ್ದು ಗಂಡನ ಮನೆಯ ವಿಳಾಸ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗಿದ್ದಾಳೆ, ತವರು ಕೋಟದಲ್ಲಿದ್ದರೆ ಕೋಟದ ಹತ್ತಿರ, ಬೈಂದೂರಿನಲ್ಲಿದ್ದರೆ ಅಲ್ಲಿ ಹೆತ್ತಿದ್ದಾಳೆ. ಹಾಲಾಡಿಯ ಆ ಬಡಪಾಯಿ ಡಾಕ್ಟರಮ್ಮನ ಮೇಲೆ ಬರಬೇಕಿದ್ದ ಅಪವಾದ ಒಂದು ಫೋನಿನಲ್ಲಿ ತಪ್ಪಿತು. ಸಂಖ್ಯೆ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಇರಬಹುದು, ಆದರೆ ಅದಕ್ಕೆ ಊರಿನ ಪರಿಚಯ ಇರುವುದಿಲ್ಲ.

ನಾನು ಸೇರುವಾಗ ಕ್ಲೇಮುಗಳು ಕಾಗದದಲ್ಲಿ ಬರುತ್ತಿದ್ದವು. ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಟ್ಟು ಕಟ್ಟಾಗಿ ಬಂದು, ಮಳೆಗಾಲದಲ್ಲಿ ಒಂದಕ್ಕೊಂದು ಅಂಟಿಕೊಂಡು, ನಾವು ಫ್ಯಾನಿನ ಕೆಳಗೆ ಹರವಿ ಒಣಗಿಸಿ ಕಂಪ್ಯೂಟರಿಗೆ ಹಾಕುತ್ತಿದ್ದೆವು. ಆಮೇಲೆ ಆಸ್ಪತ್ರೆಯವರೇ ನೇರವಾಗಿ ಹಾಕತೊಡಗಿದರು. ನಾವು ಹಾಯಾಗಿದ್ದೇವೆ ಎನ್ನುವಷ್ಟರಲ್ಲಿ ಕಂಪ್ಯೂಟರಿಗೆ ತಾನೇ ಸಂಶಯಪಡುವ ಬುದ್ಧಿ ಬಂತು. ಎಲ್ಲಾದರೂ ವಿಚಿತ್ರ ಕಂಡರೆ ಅದು ಆ ಆಸ್ಪತ್ರೆಯ ಹೆಸರಿನ ಮುಂದೆ ಕೆಂಪು ಗುರುತು ಹಾಕಿ, ವಿಚಾರಣೆ ಮುಗಿಯುವ ತನಕ ಹೊಸ ಆಪರೇಷನ್ನುಗಳಿಗೆ ಒಪ್ಪಿಗೆಯನ್ನು ತಡೆಹಿಡಿಯುತ್ತಿತ್ತು. ಸುಳ್ಳು ಕ್ಲೇಮು ಹಾಕುವವರನ್ನು ಹಿಡಿಯಲು ಅದು ಬೇಕಾದದ್ದೇ, ಹಾಗೆ ಹಿಡಿದದ್ದೂ ಉಂಟು. ನಾನು ಹೇಳಹೊರಟಿರುವುದು ಅದು ಬೈಂದೂರು ತಾಲೂಕಿನ ಒಂದು ಸಣ್ಣ ಆಸ್ಪತ್ರೆಯನ್ನು ಹಿಡಿದ ಕಥೆ.

ಕಡಲ ಹತ್ತಿರದ ಆ ಆಸ್ಪತ್ರೆಯಲ್ಲಿ ವಯಸ್ಸಾದ ಸರ್ಜನ್ ಒಬ್ಬರಿದ್ದರು, ಕೈಗುಣ ಒಳ್ಳೆಯದೆಂದು ಹೆಸರು. ಜೂನ್ ತಿಂಗಳ ಮಧ್ಯದಲ್ಲಿ ಅದಕ್ಕೆ ಕೆಂಪು ಗುರುತು ಬಿತ್ತು. ಚಿದಾನಂದ ಸರ್ ಫೋನಿನಲ್ಲಿ ಗುಡುಗಿದರು.

"ಮೇಡಂ, ವರ್ಷವಿಡೀ ಅಲ್ಲೊಂದು ಇಲ್ಲೊಂದು ಹರ್ನಿಯಾ ಮಾಡೋ ಆಸ್ಪತ್ರೆ ಜೂನಲ್ಲಿ ಮಾತ್ರ ಸಾಲಾಗಿ ಮಾಡುತ್ತೆ. ಎಲ್ಲಾ ಒಂದೇ ಊರಿನವರು. ಎಲ್ಲರದ್ದೂ ಒಂದೇ ಫೋನ್ ನಂಬರ್. ಆ ನಂಬರಿಗೆ ನಮ್ಮ ತಪಾಸಣೆ ಕರೆ ಹೋದ್ರೆ, ಪ್ರತಿ ಸಲಾನೂ 'ನನಗೆ ಆಪರೇಷನ್ ಆಗಿಲ್ಲ' ಅಂತ ಉತ್ತರ ಬರುತ್ತೆ. ಈಗ ಹೇಳಿ, ಇದಕ್ಕೂ ನಿಮ್ಮ ಸ್ಥಳೀಯ ಕಾರಣ ಇದೆಯಾ?"

ಮಳೆಗಾಲದ ವಿಷಯ ನನಗೆ ಗೊತ್ತಿತ್ತು. ನಮ್ಮಲ್ಲಿ ಜೂನ್, ಜುಲೈ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಲೆ ಎಳೆದು ಎಳೆದು ಕರುಳು ಹೊರಚಾಚಿ ಹರ್ನಿಯಾ ಮಾಡಿಕೊಂಡವರು ಆಪರೇಷನ್ನಿಗೆ ಕಾಯುವುದೇ ಆ ಎರಡು ತಿಂಗಳಿಗೆ. ಅದನ್ನು ಹೇಳಿದೆ. ಆದರೆ ಆಪರೇಷನ್ ಆಗಿಯೇ ಇಲ್ಲ ಎಂಬ ಉತ್ತರ ಯಾಕೆ ಬರುತ್ತಿದೆ ಎಂದು ನನಗೂ ಗೊತ್ತಾಗಲಿಲ್ಲ. ಒಳ್ಳೆಯ ಡಾಕ್ಟ್ರು ಹೀಗೆ ಮಾಡಿದರೇ ಎಂದು ಮನಸ್ಸು ಕೆಟ್ಟಿತು.

ಎರಡು ದಿನ ಕಳೆದಿರಬಹುದು. ಕೊಡೆಯ ನೀರು ಕೊಡವುತ್ತ ಒಬ್ಬ ಹೆಂಗಸು ನಮ್ಮ ಕಚೇರಿಯ ಒಳಗೆ ಬಂದಳು. ಹಿಂದೆ ಉದ್ದಕ್ಕೆ ಗಟ್ಟಿಮುಟ್ಟಾಗಿದ್ದ ಗಂಡ, ಏನೋ ತಪ್ಪು ಮಾಡಿದವರ ಹಾಗೆ ತಲೆ ತಗ್ಗಿಸಿಕೊಂಡು.

"ಹ್ವಾಯ್ ಅಕ್ಕಾ, ಇಲ್ಲ್ ವಿಮೆದ್ ದೊಡ್ಡೋರ್ ಯಾರ್?"

"ದೊಡ್ಡೋರ್ ಬೆಂಗ್ಳೂರಂಗ್ ಇದ್ರ್. ಇಲ್ಲ್ ನಾನೇ. ಕೂಕಣಿ."

"ಕೂಕಂಬುಕ್ ಬಂದದ್ದಲ್ಲ. ನಮ್ ಮನೆಯವ್ರ್ ಆಪರೇಷನ್ ತಡ್ದದ್ ಯಾರ್? ನಮ್ ಡಾಕ್ಟ್ರ್ ಮೇಲೆ ಯಾರೋ ಸುಳ್ ಕಂಪ್ಲೇಂಟ್ ಕೊಟ್ಟಿರ್ ಅಂಬ್ರ್. ಹೆಸ್ರ್ ಹೇಳಿ, ಉಳ್ದದ್ ನಾ ಕಾಂತೆ."

ಅವಳ ಹೆಸರು ಕಾವೇರಿ. ಗಂಡ ಶೀನ ಮೊಗವೀರರು ಒಂದು ದೊಡ್ಡ ಬೋಟಿನ ತಾಂಡೇಲ, ಎಂದರೆ ಬೋಟು ನಡೆಸುವ ಮುಖ್ಯಸ್ಥ. ಅವರ ಜತೆ ಬಲೆ ಎಳೆಯುವವರಲ್ಲಿ ಹರ್ನಿಯಾ ಇದ್ದವರು ಹಲವರು. ಒಬ್ಬ ಧೈರ್ಯ ಮಾಡಿ ಆಪರೇಷನ್ ಮಾಡಿಸಿಕೊಂಡು ನಗುತ್ತ ಬಂದದ್ದು ಕಂಡು ಉಳಿದವರೂ ಹೊರಟರು. ಬೋಟು ನಿಂತ ಕೂಡಲೇ ಒಟ್ಟಿಗೆ ಹೋಗಿ, ಒಬ್ಬರ ಹಿಂದೆ ಒಬ್ಬರಂತೆ ಮಾಡಿಸಿಕೊಂಡು, ಒಂದೇ ಟೆಂಪೋದಲ್ಲಿ ವಾಪಸು ಬಂದರು. ಹುಡುಗರದ್ದೆಲ್ಲ ಮೊದಲು ಆಗಲಿ ಎಂದು ಶೀನಣ್ಣ ಕೊನೆಗೆ ನಿಂತರು. ಅವರ ಸರದಿ ಬರುವಾಗ ಒಪ್ಪಿಗೆ ತಡೆಯಾಯಿತು.

"ಹೋಯ್ಲಿ ಬಿಡ್. ಮುಂದಿನ್ ವರ್ಷ ಮಾಡ್ಸ್ಕಂಬ" ಎಂದರು ಶೀನಣ್ಣ ಮೆಲ್ಲಗೆ.

"ಹೋದ್ ವರ್ಷವೂ ಹೀಂಗೇ ಹೇಳಿದ್ರಿ! ಡಾಕ್ಟ್ರ್ ಎಂತ ಹೇಳಿರ್ ಅಂದ್ ಅಕ್ಕನಿಗ್ ಹೇಳಿ. ನಡು ಸಮುದ್ರದಂಗೆ ಕರುಳ್ ಸಿಕ್ಕಿ ಬಿದ್ರೆ ದಡಕ್ ಬಪ್ಪುವರಿಗೆ ಜೀವ ಇರ್ತಾ?" ಎಂದವಳ ದನಿ ಒಡೆಯಿತು. ಅಷ್ಟು ಹೊತ್ತು ನಾನು ಕಂಡದ್ದು ಸಿಟ್ಟನ್ನು, ಒಳಗಿದ್ದದ್ದು ಹೆದರಿಕೆ. ದೊಡ್ಡಾಸ್ಪತ್ರೆಗಳಲ್ಲಿ ಸರದಿ ಬರುವಷ್ಟರಲ್ಲಿ ಬೋಟು ನಿಲ್ಲುವ ಆಸಾಡಿ ತಿಂಗಳು ಮುಗಿಯುತ್ತದೆ, ಆಪರೇಷನ್ ಆಗಿ ಮೈ ಸರಿಯಾಗಲು ವಾರಗಟ್ಟಲೆ ಬೇಕು, ಬೋಟು ಹೊರಟರೆ ಇವರು ಹೇಳದೆ ಕೇಳದೆ ಹತ್ತಿಬಿಡುತ್ತಾರೆ. ಇದು ಅವಳ ಲೆಕ್ಕಾಚಾರ, ಅದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಏನಾದರೂ ಸಮಾಧಾನ ಹೇಳಬೇಕು ಎನ್ನುವಾಗ ಅವಳ ಫೋನು ರಿಂಗಾಯಿತು. ನನಗೆ ತಡೆಯಿರಿ ಎಂದು ಕೈ ತೋರಿಸಿ ಎತ್ತಿದಳು. ಕಿವಿಗೆ ಹಿಡಿಯುವ ಅಭ್ಯಾಸವಿಲ್ಲ, ಸ್ಪೀಕರ್ ಹಾಕಿಯೇ ಮಾತು. ಒಂದು ಹೆಣ್ಣು ದನಿ, ಮೊದಲೇ ಧ್ವನಿಮುದ್ರಿಸಿಟ್ಟದ್ದು, ಶುದ್ಧ ಕನ್ನಡದಲ್ಲಿ ಕೇಳಿತು: "ನಮಸ್ಕಾರ. ನಿಮಗೆ ಇತ್ತೀಚೆಗೆ ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿದ್ದರೆ ಒಂದನ್ನು ಒತ್ತಿ. ಆಗಿಲ್ಲದಿದ್ದರೆ ಎರಡನ್ನು ಒತ್ತಿ."

ಕಾವೇರಿ ಹೆಬ್ಬೆರಳಿನಿಂದ ಎರಡನ್ನು ಒತ್ತಿ ಫೋನು ಇಟ್ಟಳು.

"ಇದೊಂದ್ ಕಾಟ ಅಕ್ಕಾ. ಈಗಳ್ ಬತ್ತಾ ಇತ್ತ್. ಹೆಂಗ್ಸಿಗ್ ಫೋನ್ ಮಾಡಿ ಹರ್ನಿಯಾ ಆಪರೇಷನ್ ಆಯ್ತಾ ಅಂದ್ ಕೇಂತ್ರಲೇ, ಎಂತ ಹೇಳುದ್ ಇವ್ರಿಗೆ? ಮೊದ್ಲ್ ಸಲ ಬೈದೆ. ಬೈದ್ರೆ ಅದಕ್ ಕೇಂತಿಲ್ಲೆ, ಹೇಳಿದ್ದನ್ನೇ ಹೇಳ್ತ್. ಈಗ ಸುಮ್ನೆ ಎರಡ್ ಒತ್ತಿ ಇಡ್ತೆ. ಸುಳ್ ಹೇಳುಕಾತ್ತಾ? ನಂಗ್ ಆಪರೇಷನ್ ಆಯ್ಲಿಲ್ಲೆ."

ನನ್ನ ತಲೆಯಲ್ಲಿ ಏನೋ ಟಿಕ್ ಎಂದಿತು. "ಕಾವೇರಿ, ಈ ನಂಬರ್ ಇನ್ನ್ ಯಾರ್ ಯಾರಿಗೆ ಕೊಟ್ಟಿದ್ರಿ?"

"ನಾ ಕೊಡೂದೆಂತ? ದೋಣಿಯೋರೆಲ್ಲ ಆಸ್ಪತ್ರೆ, ಬ್ಯಾಂಕ್, ಗ್ಯಾಸ್ ಎಲ್ಲಕ್ಕೂ ಇದನ್ನೇ ಬರ್ಸುದ್. ಅವ್ರ್ ಕಡ್ಲಿಗ್ ಹೋರೆ ಫೋನ್ ತಾಗ್ತಿಲ್ಲೆ. ತಾಂಡೇಲ್ರ ಮನೆಯಂಗೆ ಯಾರಾರೂ ಎತ್ತುಕಿತ್ತ್ ಅಂದ್ಕಂಡ್."

ನನಗಿಂತ ಮೊದಲು ಅರ್ಥವಾದದ್ದು ಶೀನಣ್ಣನಿಗೆ. ತಲೆ ತಗ್ಗಿಸಿ ನಿಂತಿದ್ದವರು ಭುಜ ಕುಲುಕಿಸಿ ನಗತೊಡಗಿದರು. "ಮಾರಾಯ್ತಿ, ಹೆಸ್ರ್ ಕೇಂಡ್ಯಲೆ, ಸಿಕ್ತ್ ಕಾಣ್. ಕಂಪ್ಲೇಂಟ್ ಕೊಟ್ಟದ್ ನೀನೇ."

ಕಾವೇರಿ ಕೈಯಲ್ಲಿದ್ದ ಫೋನನ್ನೂ ಗಂಡನ ಮುಖವನ್ನೂ ನೋಡಿದಳು. "ಅಯ್ಯೋ ದೇವ್ರೇ, ಇವ್ರ್ ಆಪರೇಷನ್ ನಾನೇ ತಡ್ದದ್ದಾ?" ಎಂದು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟಳು. ಅಳುವೂ ಬರುತ್ತಿತ್ತು, ಗಂಡನ ನಗೆ ಕಂಡು ನಗುವೂ ಬರುತ್ತಿತ್ತು. ನಾನಂತೂ ಮೇಜಿನ ಮೇಲೆ ತಲೆಯಿಟ್ಟು ನಕ್ಕೆ. ಡಾಕ್ಟ್ರು ಕಳ್ಳರಲ್ಲ ಎಂಬ ಖುಷಿಯೂ ಆ ನಗುವಿನಲ್ಲಿತ್ತು.

ಚಿದಾನಂದ ಸರ್‌ಗೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅವರು ನಕ್ಕ ನಗು ನಮ್ಮ ಕಚೇರಿಗೆಲ್ಲ ಕೇಳಿಸಿತು. ಆಮೇಲೆ ಗಂಟಲು ಸರಿಮಾಡಿಕೊಂಡು, "ಕಥೆ ಚೆನ್ನಾಗಿದೆ ಮೇಡಂ. ಆದ್ರೆ ಕಥೆ ಕೇಳಿ ತಡೆ ತೆಗೆದ್ರೆ ನಾಳೆ ಕಳ್ಳರೂ ಕಥೆ ಹೇಳ್ತಾರೆ. ತಂಡ ಬಂದು ನೋಡ್ಬೇಕು. ಮುಂದಿನ ತಿಂಗಳು ಕಳಿಸ್ತೀನಿ" ಎಂದರು.

"ಮುಂದಿನ ತಿಂಗಳು ಬಂದರೆ ಈ ವರ್ಷ ಆ ತಾಂಡೇಲರಿಗೆ ಆಪರೇಷನ್ ಇಲ್ಲ ಸರ್. ಇದೇ ಹೊಟ್ಟೆ ಹಿಡಿದುಕೊಂಡು ಮತ್ತೆ ಕಡಲಿಗೆ ಹೋಗ್ತಾರೆ. ಏನಾದರೂ ಆದರೆ ನಮ್ಮ ಕೆಂಪು ಗುರುತು ಯಾರನ್ನ ಕಾಪಾಡಿದ ಹಾಗಾಯಿತು?"

ಮೇಲಧಿಕಾರಿಗೆ ನಾನು ಹಾಗೆ ಮಾತಾಡಿದ್ದು ಅದೊಂದೇ ಸಲ. ಅವರು ಟಕ್ಕೆಂದು ಫೋನಿಟ್ಟರು. ಕೆಲಸ ಹೋಯಿತು ಎಂದುಕೊಂಡೆ. ಅದೇ ವಾರ ಒಂದು ಬೆಳಿಗ್ಗೆ ಬೆಂಗಳೂರು ಬಸ್ಸಿನಿಂದ, ಮಳೆಗೆ ಪ್ಯಾಂಟು ಮಡಚಿಕೊಂಡು, ಚಿದಾನಂದ ಸರ್ ತಾವೇ ಇಳಿದರು. ಉಡುಪಿಯಿಂದ ಒಬ್ಬ ಸರ್ಕಾರಿ ಸರ್ಜನ್ನರನ್ನೂ ಕರೆಸಿದ್ದರು.

ಆಪರೇಷನ್ ಆದವರೆಲ್ಲ ಆಸ್ಪತ್ರೆಯ ಜಗಲಿಯಲ್ಲಿ ಹಾಜರಾದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಗಾಯ ನೋಡುವುದು ಎಂದು ಗೊತ್ತಾಗಿತ್ತು. ನಮ್ಮ ಕಡಲ ಮಕ್ಕಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮುಂದೆ ನಿಂತವನೊಬ್ಬ "ಕಾಣಿ ಸರ್, ಹೊಲ್ಗಿ ಇಲ್ಲ್ ಇತ್ತ್" ಎಂದು ಜಗಲಿಯಲ್ಲೇ ಲುಂಗಿಗೆ ಕೈ ಹಾಕಿದ. ಅವನನ್ನು ಕಂಡು ಉಳಿದವರೂ ತಯಾರಾದರು. ಚಿದಾನಂದ ಸರ್ ಗಾಬರಿಯಾಗಿ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಆಗ ಕಾವೇರಿಯ ಕೂಗು ಕೇಳಿತು: "ಹ್ವಾಯ್, ಮರ್ಯಾದೆ ಇತ್ತಾ ನಿಮ್ಗೆ? ಒಳ್ಗ್ ಹೋಯ್ನಿ! ಅಕ್ಕ ಇದ್ರ್ ಕಾಂತಿಲ್ಯಾ?" ಅಷ್ಟೂ ಜನ ಶಾಲೆ ಮಕ್ಕಳ ಹಾಗೆ ಸಾಲಾಗಿ ಒಳಗೆ ಹೋದರು. ಉಡುಪಿಯ ಡಾಕ್ಟ್ರು ಹೊರಬಂದು, "ಎಲ್ಲ ಸರಿಯಿದೆ. ಹೊಲಿಗೆ ನೋಡಿದ್ರೆ ನಾನೇ ಇವರ ಹತ್ರ ಕಲೀಬೇಕು" ಎಂದು ಆ ಹಿರಿಯ ಸರ್ಜನ್ನರ ಕೈ ಕುಲುಕಿದರು. ಹಿರಿಯರು ಅಷ್ಟು ದಿನ ಅವಮಾನವನ್ನು ನುಂಗಿಕೊಂಡಿದ್ದರು, ಆಗ ಕನ್ನಡಕ ತೆಗೆದು ಒರೆಸಿಕೊಂಡರು.

ಚಿದಾನಂದ ಸರ್‌ಗೆ ಇನ್ನೊಂದು ಸಂಶಯ ಉಳಿದಿತ್ತು. ಮಳೆಗಾಲದಲ್ಲೇ ಯಾಕೆ? ನಾನು ಫೋನಿನಲ್ಲಿ ಹೇಳಿದ್ದನ್ನು ಅವರು ಪೂರ್ತಿ ನಂಬಿರಲಿಲ್ಲ. ಶೀನಣ್ಣ ಅವರನ್ನು ಬಂದರಿಗೆ ಕರೆದುಕೊಂಡು ಹೋದರು. ದಂಡೆಯ ಉದ್ದಕ್ಕೂ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು, ಟಾರ್ಪಾಲು ಹೊದ್ದುಕೊಂಡು. ಒಂದರಲ್ಲೂ ಜನ ಇಲ್ಲ.

"ಇಷ್ಟೊಂದು ಬೋಟು ಇಟ್ಕೊಂಡು ಯಾರೂ ಹೋಗಲ್ವಾ?" ಎಂದರು ಸರ್.

"ಹೋಪಂಗಿಲ್ಲೆ ಸರ್. ಮೀನ್ ಮರಿ ಹಾಕು ಸಮಯ. ಸರ್ಕಾರದ್ದೇ ಕಾನೂನ್" ಎಂದರು ಶೀನಣ್ಣ.

ಗಾಳಿಗೆ ಸರ್ ಅವರ ಕೊಡೆ ಮಗುಚಿಕೊಂಡಿತು. ಅದರ ಪರಿವೆಯೇ ಇಲ್ಲದೆ ಅವರು ಬೋಟುಗಳನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಅಲೆಯ ಸದ್ದನ್ನೂ ಮೀರಿಸಿ ಕೂಗಿದರು: "ನೋಡಿ ಮೇಡಂ! ಒಂದು ಇಲಾಖೆ ಇವರನ್ನ ಮನೇಲಿ ಕೂರಿಸುತ್ತೆ. ಇನ್ನೊಂದು ಇಲಾಖೆ, ಮನೇಲಿ ಕೂತಾಗಲೇ ಯಾಕೆ ಆಪರೇಷನ್ ಮಾಡಿಸ್ಕೊಂಡ್ರಿ ಅಂತ ಕೇಳುತ್ತೆ! ನಾವೇನು ಬುದ್ಧಿವಂತರೋ!" ಅಲ್ಲಿಂದಲೇ, ನೆನೆಯುತ್ತಲೇ, ಬೆಂಗಳೂರಿಗೆ ಫೋನು ಮಾಡಿದರು. ಮರುದಿನ ಕೆಂಪು ಗುರುತು ಹೋಯಿತು, ಆ ವಾರವೇ ಶೀನಣ್ಣನ ಆಪರೇಷನ್ ಆಯಿತು.

ಆ ವರ್ಷದಿಂದ ವರದಿಯ ಕ್ರಮವೂ ಬದಲಾಯಿತು. ಕರಾವಳಿಯ ಆಸ್ಪತ್ರೆಗಳನ್ನು ಒಳನಾಡಿನವುಗಳ ಜತೆ ಹೋಲಿಸುವುದು ಬಿಟ್ಟು ಕರಾವಳಿಯವುಗಳ ಜತೆಗೇ ಹೋಲಿಸತೊಡಗಿದರು. ತಪಾಸಣೆ ಕರೆಯನ್ನು ಯಂತ್ರದ ಕೈಯಿಂದ ತೆಗೆದು ಮನುಷ್ಯರಿಗೆ ಕೊಟ್ಟರು, ಮಾತಾಡುತ್ತಿರುವವರು ಯಾರು, ರೋಗಿಗೆ ಏನಾಗಬೇಕು ಎಂದು ಅವರು ಮೊದಲು ಕೇಳಬೇಕು. ಸುಪ್ರಿಯಾ, ಇದೆಲ್ಲ ನಿನಗೆ ಈಗ ಮೊದಲಿನಿಂದಲೂ ಇದ್ದದ್ದರ ಹಾಗೆ ಕಾಣುತ್ತದೆ. ಇದರ ಹಿಂದೆ ಒಂದು ಮಗುಚಿದ ಕೊಡೆಯಿದೆ.

ಚೌತಿ ಮುಗಿಯುವ ತನಕ ಬೋಟು ಹತ್ತಬಾರದು ಎಂದು ಡಾಕ್ಟ್ರು ಹೇಳಿದ್ದರು. ಆಗಸ್ಟಿನಲ್ಲಿ ಬೋಟುಗಳು ಹೊರಟಾಗ ಶೀನಣ್ಣ ದಡದಲ್ಲೇ ನಿಂತರು, ಪಕ್ಕದಲ್ಲಿ ಕಾವೇರಿ ಕಾವಲಿಗೆ. ಅವರು ಒಂದು ಕೊಡಪಾನ ನೀರು ಎತ್ತಿದರೂ ಅವಳು ನನಗೆ ಫೋನು ಮಾಡಿ ದೂರು ಹೇಳುತ್ತಿದ್ದಳು, ನಾನು ಡಾಕ್ಟ್ರ ಹಾಗೆ ಬೈಯುತ್ತಿದ್ದೆ.

ಚೌತಿ ಕಳೆದು ಅವರು ಮೊದಲ ಸಲ ಕಡಲಿಗೆ ಹೋಗಿ ಮರಳುವ ದಿನ ಕಾವೇರಿ ನನ್ನನ್ನು ಬಂದರಿಗೆ ಕರೆದಳು. "ಬನಿ ಅಕ್ಕಾ, ಬಂಗ್ಡಿ ಮೀನ್ ಕೊಡ್ತೆ" ಎಂಬುದು ನೆಪ. ಬಿಸಿಲು ಚೆನ್ನಾಗಿತ್ತು. ಬೋಟು ಬಂದು ದಕ್ಕೆಯ ಕಟ್ಟೆಗೆ ತಾಗಿತು, ಹುಡುಗರು ದಬದಬ ಹಾರಿ ಇಳಿದರು, ಬುಟ್ಟಿಗಳು ಬಂದವು, ಗದ್ದಲ ಶುರುವಾಯಿತು. ಎಲ್ಲರೂ ಇಳಿದ ಮೇಲೆ ಶೀನಣ್ಣ ಇಳಿದು ನಮ್ಮ ಕಡೆಗೆ ನಡೆದು ಬಂದರು.

ಕಾವೇರಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಾಣಿ ಅಕ್ಕಾ, ಇವ್ರ್ ಕೈ ಕಾಣಿ" ಎಂದಳು.

ನನಗೆ ಏನೂ ವಿಶೇಷ ಕಾಣಲಿಲ್ಲ. ಕೈ ಬೀಸಿಕೊಂಡು ನಡೆದು ಬರುತ್ತಿದ್ದರು, ಎಲ್ಲರ ಹಾಗೆ.

"ಇಷ್ಟ್ ವರ್ಷ ದೋಣಿ ಇಳ್ದ್ ಬಪ್ಪತಿಗೆ ಒಂದ್ ಕೈ ಹೊಟ್ಟಿ ಕೆಳ್ಗೆ ಒತ್ತಿ ಹಿಡ್ದೇ ಇರ್ತಿತ್ತ್, ಅಕ್ಕಾ. ಎರಡೂ ಕೈ ಬಿಟ್ಟ್ ನಡ್ಕಂಡ್ ಬಪ್ದ್ ನಾ ಇವತ್ತೇ ಕಾಂಬುದ್."